ಹಾಲು, ಮೊಟ್ಟೆ, ಮಾಂಸ ಬಿಟ್ಟು ಉಣ್ಣುವವರು ತಿಳಿಯಬೇಕಾದದ್ದು



ತಪಸ್ಸು ಕಾಲ ಬಂತೆಂದರೆ ಕ್ರೈಸ್ತರ ಎಷ್ಟೋ ಮನೆಗಳಲ್ಲಿ ಮಾಂಸ ಬಿಡುತ್ತಾರೆ. ಶ್ರಾವಣ, ಕಾರ್ತಿಕದಲ್ಲಿ ನಮ್ಮ ಸಂಘದ ಇತರ ಸಹೋದರಿಯರೂ ಬಿಡುತ್ತಾರೆ. ಈಚೆಗೆ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಾಲು, ಮೊಸರು, ತುಪ್ಪ, ಮೊಟ್ಟೆ, ಜೇನುತುಪ್ಪವನ್ನೂ ಬಿಡುತ್ತಿದ್ದಾರೆ. ಇದಕ್ಕೆ ‘ವೀಗನ್’ ಊಟ ಎನ್ನುತ್ತಾರೆ. ಈ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಬೆಂಗಳೂರಿಗೆ ಕೆಲಸಕ್ಕೆ ಹೋದ ಮಗಳು ಹಬ್ಬಕ್ಕೆ ಬಂದು “ಅಮ್ಮ, ನಂಗೆ ಮೊಸರು ಬೇಡ” ಅಂದರೆ ಗಾಬರಿಯಾಗಬೇಡಿ. ಆದರೆ ಹೀಗೆ ಉಣ್ಣುವವರು ಏನು ತಿನ್ನಬೇಕು, ಏನು ಬಿಡಬೇಕು ಎಂಬುದನ್ನು ಸರಿಯಾಗಿ ತಿಳಿದಿರಬೇಕು.

ನಮಗೂ ಇದಕ್ಕೂ ಏನು ಸಂಬಂಧ?

ನಿಜ ಹೇಳಬೇಕೆಂದರೆ, ಚಿನಕುರಳಿ ಸುತ್ತಮುತ್ತ ಎಷ್ಟೋ ತಾಯಂದಿರು ಗೊತ್ತಿಲ್ಲದೆಯೇ ಈ ಊಟ ಮಾಡುತ್ತಿದ್ದಾರೆ. ಕರೆದ ಹಾಲು ಬೆಳಗ್ಗೆ ಸಂಜೆ ಡೈರಿಗೆ ಹೋಗುತ್ತದೆ. ಮೊಟ್ಟೆ ಅಂಗಡಿಗೆ ಹೋಗುತ್ತದೆ. ಭಾನುವಾರದ ಬಾಡು ಮೊದಲು ಗಂಡಸರಿಗೆ, ಆಮೇಲೆ ಮಕ್ಕಳಿಗೆ. ಕೊನೆಗೆ ಉಣ್ಣುವ ತಾಯಿಗೆ ಉಳಿಯುವುದು ಅನ್ನ, ತಿಳಿಸಾರು, ಒಂದು ಲೋಟ ಟೀ. ಹಾಲಿನ ದುಡ್ಡಿನಿಂದಲೇ ಸಂಘದ ಸಾಲದ ಕಂತು ಕಟ್ಟುತ್ತೇವೆ, ಅದನ್ನು ತಪ್ಪೆನ್ನುವುದಿಲ್ಲ. ಆದರೆ ಆ ಜಾಗಕ್ಕೆ ಬೇರೆ ಏನಾದರೂ ತಟ್ಟೆಗೆ ಬರಬೇಕಲ್ಲವೇ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಅಂದರೆ ಇಪ್ಪತ್ತು ಜನರ ಒಂದು ಸಂಘದಲ್ಲಿ ಒಂಬತ್ತು ಹತ್ತು ಜನ!

ಏನು ತಿನ್ನಬೇಕು?

ಒಳ್ಳೆಯ ಸುದ್ದಿ ಏನೆಂದರೆ, ಬೇಕಾದ ಪದಾರ್ಥ ಹೆಚ್ಚಿನದೆಲ್ಲ ನಮ್ಮ ಹೊಲದಲ್ಲೇ ಇದೆ. ಪೇಟೆಯ ಸೋಯಾ ಹಾಲು, ಡಬ್ಬಿ ಪುಡಿ ಕೊಳ್ಳಬೇಕಾಗಿಲ್ಲ.

1. ರಾಗಿ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಹೆಂಗಸಿಗೆ ದಿನಕ್ಕೆ ಬೇಕಾದ್ದು 1000 ಮಿಲಿಗ್ರಾಂ. ಎರಡು ಹೊತ್ತು ಮುದ್ದೆ ಉಂಡರೆ ಮುಕ್ಕಾಲು ಭಾಗದ ಹತ್ತಿರ ಬರುತ್ತದೆ. ಉಳಿದದ್ದಕ್ಕೆ ಎಳ್ಳು, ಹುಚ್ಚೆಳ್ಳು ಚಟ್ನಿ, ನುಗ್ಗೆಸೊಪ್ಪು.

2. ಕಾಳು: ಹುರುಳಿ, ಅವರೆ, ಹಲಸಂದೆ, ಹೆಸರು, ಕಡಲೆ. ಮೊಳಕೆ ಕಟ್ಟಿ ಸಾರು ಮಾಡಿದರೆ ಅದರಲ್ಲಿನ ಕಬ್ಬಿಣ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ.

3. ಸೊಪ್ಪು: ದಂಟು, ನುಗ್ಗೆ, ಹೊನಗೊನೆ, ಬೆರಕೆ ಸೊಪ್ಪು. ಬೇಯಿಸಿದ ನೀರು ಚೆಲ್ಲಬೇಡಿ. ನಮ್ಮ ಅಜ್ಜಿಯರು ಆ ನೀರಲ್ಲೇ ಬಸ್ಸಾರು, ಉಪ್ಪುಸಾರು ಮಾಡಿದ್ದು ಸುಮ್ಮನೆ ಅಲ್ಲ.

4. ಹುಳಿ: ಊಟದ ಜೊತೆ ನಿಂಬೆರಸ, ನೆಲ್ಲಿಕಾಯಿ ಇರಲಿ, ಇಲ್ಲವೇ ಒಂದು ಸೀಬೆಹಣ್ಣು ತಿನ್ನಿ. ಸೊಪ್ಪು ಕಾಳಿನ ಕಬ್ಬಿಣ ರಕ್ತಕ್ಕೆ ಸೇರಲು ಇದು ಬೇಕೇ ಬೇಕು.

5. ಕಡಲೆಕಾಯಿ: ದಿನಕ್ಕೆ ಒಂದು ಹಿಡಿ.

ಒಂದು ಲೆಕ್ಕ ನೋಡೋಣ. 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನು ಬೇಕು.

ರಾಗಿಹಿಟ್ಟು 200 ಗ್ರಾಂ – 14 ಗ್ರಾಂ
ಕಾಳು 60 ಗ್ರಾಂ – 13 ಗ್ರಾಂ
ಅಕ್ಕಿ 100 ಗ್ರಾಂ – 8 ಗ್ರಾಂ
ಕಡಲೆಬೀಜ 30 ಗ್ರಾಂ – 7 ಗ್ರಾಂ
ಸೊಪ್ಪು 100 ಗ್ರಾಂ – 3 ಗ್ರಾಂ
ಒಟ್ಟು – 45 ಗ್ರಾಂ

ಕೂಲಿ, ನಾಟಿ, ಕಬ್ಬು ಕಡಿಯುವ ಕೆಲಸ ಇದ್ದ ದಿನ ಇನ್ನೂ ಹೆಚ್ಚು ಉಣ್ಣಬೇಕು. ಆದರೆ ಬರೀ ಅನ್ನ ತಿಳಿಸಾರಿನಲ್ಲಿ ಈ ಲೆಕ್ಕ ತುಂಬುವುದಿಲ್ಲ ಎಂಬುದು ನೆನಪಿರಲಿ.

ಏನು ಬಿಡಬೇಕು?

• ಊಟದ ಜೊತೆ, ಊಟ ಆದ ತಕ್ಷಣ ಟೀ ಕಾಫಿ ಬೇಡ. ಹಾಲು ಹಾಕದ ಟೀ ಆದರೂ ಅಷ್ಟೇ, ಅದು ಕಬ್ಬಿಣವನ್ನು ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ.
• ಹಾಲು ಬಿಟ್ಟೆವು ಅಂತ ಬನ್ನು, ಬಿಸ್ಕತ್ತು, ಬೋಂಡಾ ತಿಂದು ಹೊಟ್ಟೆ ತುಂಬಿಸಬೇಡಿ. ಎಷ್ಟೋ ಬಿಸ್ಕತ್ತಿನಲ್ಲಿ ಹಾಲಿನ ಪುಡಿಯೂ ಇರುತ್ತದೆ, ಪೊಟ್ಟಣ ಓದಿ ನೋಡಿ.
• ಎಲ್ಲವನ್ನೂ ಒಂದೇ ದಿನ ಬಿಡಬೇಡಿ. ಕಾಳು ಹೆಚ್ಚಾದರೆ ಮೊದಮೊದಲು ಹೊಟ್ಟೆ ಉಬ್ಬರ ಬರಬಹುದು. ನಿಧಾನವಾಗಿ ಹೆಚ್ಚಿಸಿ, ನೀರು ಕುಡಿಯಿರಿ.

ಮರೆಯಬಾರದ ಒಂದು ಮಾತು: ಬಿ12

ಬಿ12 ಎಂಬ ಜೀವಸತ್ವ ರಾಗಿಯಲ್ಲಿ, ಸೊಪ್ಪಿನಲ್ಲಿ, ಕಾಳಿನಲ್ಲಿ ಸಿಗುವುದಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಇದೆ. ದೇಹ ಸ್ವಲ್ಪ ಕೂಡಿಟ್ಟುಕೊಂಡಿರುವುದರಿಂದ ಕೊರತೆ ತಕ್ಷಣ ಕಾಣದೆ, ನಿಧಾನವಾಗಿ ಬರುತ್ತದೆ. ಕೈಕಾಲು ಜೋಮು ಹಿಡಿಯುವುದು, ನಾಲಿಗೆ ಉರಿ, ಸುಸ್ತು, ಮರೆವು ಇದರ ಲಕ್ಷಣ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣ-ಫೋಲಿಕ್ ಮಾತ್ರೆ ಒಳ್ಳೆಯದೇ, ಆದರೆ ಅದು ಬಿ12ರ ಬದಲಿ ಅಲ್ಲ. ತಪಸ್ಸು ಕಾಲದ ನಲವತ್ತು ದಿನಕ್ಕೆ ಮಾತ್ರ ಬಿಡುವ ಆರೋಗ್ಯವಂತರಿಗೆ ಹೆದರಿಕೆ ಇಲ್ಲ. ವರ್ಷಗಟ್ಟಲೆ ಬಿಡುವವರು, ಬಡತನದಿಂದ ಹಾಲು ಮೊಟ್ಟೆ ಕಾಣದವರು ವೈದ್ಯರನ್ನು ಕೇಳಿ ಬಿ12 ಮಾತ್ರೆ ತೆಗೆದುಕೊಳ್ಳಲೇಬೇಕು.

ಬಸುರಿಯರು, ಬಾಣಂತಿಯರು, ಚಿಕ್ಕ ಮಕ್ಕಳು ತಾವಾಗಿಯೇ ಇದನ್ನು ಶುರು ಮಾಡಬಾರದು. ತಾಯಿಗೆ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಇರುವುದಿಲ್ಲ, ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ. ಅಂಗನವಾಡಿಯಲ್ಲಿ ಹಾಲು ಮೊಟ್ಟೆ ಕೊಟ್ಟರೆ ಅಲ್ಲೇ ತಿನ್ನಿ. ರೋಗಿಗಳು, ಬಸುರಿಯರು ಉಪವಾಸ ಮಾಡಲೇಬೇಕೆಂದು ಧರ್ಮಸಭೆಯೂ ಹೇಳುವುದಿಲ್ಲ.

ಪವಿತ್ರ ಗ್ರಂಥದಲ್ಲಿ ದಾನಿಯೇಲ ಮತ್ತು ಅವನ ಮೂವರು ಗೆಳೆಯರು ಅರಸನ ಭೋಜನ ಬಿಟ್ಟು ಹತ್ತು ದಿನ ಕಾಯಿಪಲ್ಯ, ನೀರು ಮಾತ್ರ ಸೇವಿಸಿ ಎಲ್ಲರಿಗಿಂತ ಪುಷ್ಟರಾಗಿ ಕಂಡರಂತೆ. ಅವರು ಆರಿಸಿಕೊಂಡು ಬಿಟ್ಟರು. ನಾವು ಮಿಕ್ಕಿದ್ದನ್ನು ಉಣ್ಣುತ್ತೇವೆ. ಆ ವ್ಯತ್ಯಾಸ ಯೋಚಿಸೋಣ. ವ್ರತಕ್ಕೆ ಬಿಡೋಣ, ಪ್ರಾಣಿದಯೆಗೆ ಬಿಡೋಣ; ಆದರೆ “ನನಗೇನು ಬಿಡು, ನೀವು ಉಣ್ಣಿ” ಅಂತ ಬಿಡುವುದು ಬೇಡ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಿನ್ನೆ ನಾವು ಏನೇನು ಉಂಡೆವು? ಅದರಲ್ಲಿ ಕಾಳು, ಸೊಪ್ಪು ಎಷ್ಟು ಸಲ ಇತ್ತು?
2. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಯಾಕೆ?
3. ಡೈರಿಗೆ ಹಾಕುವ ಮುಂಚೆ ಮನೆಗೆ ಒಂದು ಲೋಟ ಹಾಲು ಉಳಿಸಲು ಆಗುತ್ತದೆಯೇ? ಬೇಡ ಎನ್ನುವವರು ಅದರ ಬದಲು ಏನು ತಿನ್ನುತ್ತಾರೆ?
4. ಸಂಘದ ಎಲ್ಲ ಸದಸ್ಯರೂ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವ ದಿನ ಯಾವುದು? ಇವತ್ತೇ ಗೊತ್ತು ಮಾಡಿ ಪುಸ್ತಕದಲ್ಲಿ ಬರೆಯಿರಿ.