ಶಾರದಾ: ಹೆಸರಿನ ಅರ್ಥ, ಹೆಸರಿನ ಋಣ

ಶರನ್ನವರಾತ್ರಿಯಲ್ಲಿ ದೇವಿಯನ್ನು ಸ್ಮರಿಸುವ ಹೆಸರುಗಳು ಹಲವು. ಅವುಗಳಲ್ಲಿ ಈ ಹಬ್ಬದ ಋತುವನ್ನೇ ತನ್ನೊಳಗೆ ಇರಿಸಿಕೊಂಡಿರುವ ಹೆಸರು ‘ಶಾರದಾ’. ಒಂದು ಕಾಲದಲ್ಲಿ ಈ ಹೆಸರಿನ ಹೆಣ್ಣುಮಗಳಿಲ್ಲದ ಕನ್ನಡ ಬಂಧುವರ್ಗವೇ ವಿರಳವಾಗಿತ್ತು. ಹಳೆಯ ಮೈಸೂರಿನವರಿಗೆ ಅವಳು ಶಾರದಮ್ಮ. ಕಲಬುರಗಿ, ಬೀದರಗಳ ಕಡೆಯವರಿಗೆ ಶಾರದಾಬಾಯಿ. ನೆರೆಹೊರೆಯ ಮಕ್ಕಳಿಗೆಲ್ಲ ಶಾರದಕ್ಕ. ಇಂದು ಈ ಹೆಸರು ಅಜ್ಜಿಯರಲ್ಲಿ ಉಳಿದಿದೆ, ತೊಟ್ಟಿಲಿನಲ್ಲಿ ಅಪರೂಪವಾಗಿದೆ. ಹೆಸರಿನ ಅರ್ಥವನ್ನೂ ಅದು ನಡೆದುಬಂದ ದಾರಿಯನ್ನೂ ತಿಳಿಯುವುದಕ್ಕೆ ಈ ಪರ್ವಕಾಲಕ್ಕಿಂತ ತಕ್ಕ ಸಮಯ ಬೇರೊಂದಿಲ್ಲ.

ಪದದ ಅರ್ಥ

‘ಶರದ್’ ಎಂದರೆ ಮಳೆಗಾಲದ ನಂತರ ಬರುವ ಋತು. ಆಶ್ವಯುಜ ಮತ್ತು ಕಾರ್ತಿಕ ಮಾಸಗಳ ಕಾಲ. ಈ ಶಬ್ದಕ್ಕೆ ತದ್ಧಿತ ಪ್ರತ್ಯಯ ಸೇರಿ ಮೊದಲ ಸ್ವರವು ದೀರ್ಘವಾದಾಗ ‘ಶಾರದ’ ಎಂದಾಗುತ್ತದೆ. ಶರತ್ಕಾಲಕ್ಕೆ ಸೇರಿದುದು ಎಂದು ಅರ್ಥ. ಸ್ತ್ರೀವಾಚಕವಾಗಿ ಅದು ‘ಶಾರದಾ’. ಸೀತಾ ಎಂಬುದು ಸೀತೆಯಾದಂತೆ ಕನ್ನಡದಲ್ಲಿ ಅದು ‘ಶಾರದೆ’ಯಾಗುತ್ತದೆ. ‘ಸಾರವನ್ನು ಕೊಡುವವಳು’ ಎಂದು ಬಿಡಿಸಿ ಹೇಳುವ ಭಕ್ತರೂ ಉಂಟು. ಅದು ವ್ಯಾಕರಣಕ್ಕಿಂತ ಭಾವಕ್ಕೆ ಸೇರಿದ ಅರ್ಥ.

ವೇದಗಳಲ್ಲಿ ಆಯುಷ್ಯವನ್ನು ಎಣಿಸುವುದು ಶರತ್ತುಗಳಿಂದ. ನೂರು ವರ್ಷ ಬಾಳಲಿ ಎಂಬ ಹಾರೈಕೆ ಅಲ್ಲಿ ನೂರು ಶರತ್ತುಗಳ ಹಾರೈಕೆಯಾಗಿದೆ. ಮಳೆಗಾಲದಲ್ಲಿ ಕದಡಿದ ಹೊಳೆಯ ನೀರು ಈ ಋತುವಿನಲ್ಲಿ ತಿಳಿಯಾಗುತ್ತದೆ. ಮೋಡ ಸರಿದು ಆಕಾಶ ಶುಭ್ರವಾಗುತ್ತದೆ. ಬುದ್ಧಿಯು ತಿಳಿಯಾಗುವುದೇ ವಿದ್ಯೆ. ಕನ್ನಡದಲ್ಲಿ ‘ತಿಳಿ’ ಎಂಬ ಒಂದೇ ಮಾತು ನಿರ್ಮಲವಾದ ನೀರಿಗೂ ಅರಿವಿಗೂ ಸಲ್ಲುವುದನ್ನು ನೆನೆದರೆ, ಶರದೃತುವಿನ ಹೆಸರು ವಾಗ್ದೇವಿಗೆ ಎಷ್ಟು ಒಪ್ಪುತ್ತದೆ ಎಂಬುದು ವೇದ್ಯವಾಗುತ್ತದೆ. ಈ ಹೆಸರು ಸರಸ್ವತಿಗಷ್ಟೇ ಮೀಸಲಲ್ಲ. ಶರತ್ಕಾಲದಲ್ಲಿ ನಡೆಯುವ ವಾರ್ಷಿಕ ಮಹಾಪೂಜೆಯನ್ನು ‘ದೇವೀಮಾಹಾತ್ಮ್ಯ’ವು ವಿಶೇಷವಾಗಿ ಹೇಳುವುದರಿಂದ ದುರ್ಗೆಯೂ ಶಾರದೆಯೇ.

ಕಾಶ್ಮೀರದಿಂದ ತುಂಗಾತೀರಕ್ಕೆ

ಶಾರದೆಯ ಪ್ರಾಚೀನ ಪೀಠವಿದ್ದುದು ಕಾಶ್ಮೀರದ ಕಿಷನ್‌ಗಂಗಾ ಕಣಿವೆಯಲ್ಲಿ. ಆ ನಾಡು ಶಾರದಾದೇಶವೆಂದೂ ಅಲ್ಲಿಯ ಬರಹ ಶಾರದಾ ಲಿಪಿಯೆಂದೂ ಪ್ರಸಿದ್ಧವಾದವು. ಹನ್ನೊಂದನೆಯ ಶತಮಾನದಲ್ಲಿ ಅಲ್ಲಿಂದ ಹೊರಟ ಕವಿ ಬಿಲ್ಹಣನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನವನ್ನು ಸೇರಿದನು. ಆ ಕಲ್ಯಾಣವೇ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಊರು. ಹೀಗೆ ಶಾರದಾದೇಶದ ಕವಿಗೆ ಆಶ್ರಯವಿತ್ತುದು ಹೈದರಾಬಾದಿನ ಕನ್ನಡಿಗರಿಗೆ ತೀರ ಹತ್ತಿರದ ನೆಲ.

ಕನ್ನಡಿಗರಿಗೆ ಶಾರದೆ ಎಂದೊಡನೆ ನೆನಪಾಗುವುದು ಶೃಂಗೇರಿ. ಶ್ರೀ ಶಂಕರಾಚಾರ್ಯರು ತುಂಗೆಯ ದಡದಲ್ಲಿ ಶ್ರೀಗಂಧದ ಶಾರದಾ ಮೂರ್ತಿಯನ್ನು ಪ್ರತಿಷ್ಠಾಪಿಸಿದರೆಂದು ಸಂಪ್ರದಾಯ ಹೇಳುತ್ತದೆ. ಮಂಡನಮಿಶ್ರರ ಪತ್ನಿ ಉಭಯಭಾರತಿಯ ಕಥೆಯೂ ಇದರೊಡನೆ ಬೆಸೆದುಕೊಂಡಿದೆ. ಶಂಕರರಿಗೂ ತನ್ನ ಪತಿಗೂ ನಡೆದ ವಾದದಲ್ಲಿ ತೀರ್ಪು ನೀಡಿದವಳು ಆಕೆ. ಪತಿ ಸೋತಾಗ ಸೋಲೆಂದೇ ಹೇಳಿ, ಬಳಿಕ ತಾನೇ ವಾದಕ್ಕೆ ನಿಂತವಳು. ಆಕೆ ಸರಸ್ವತಿಯ ಅವತಾರವೆಂದೂ ಶೃಂಗೇರಿಯಲ್ಲಿ ಶಾರದೆಯಾಗಿ ನೆಲೆಸಿದಳೆಂದೂ ಆಸ್ತಿಕರ ನಂಬಿಕೆ. ಗಡಿಯ ಬಳಿಯ ತೀತ್ವಾಲಿನಲ್ಲಿ 2023ರಲ್ಲಿ ತೆರೆದ ಹೊಸ ಶಾರದಾ ಮಂದಿರಕ್ಕೆ ಪಂಚಲೋಹದ ವಿಗ್ರಹ ಹೋದುದು ಶೃಂಗೇರಿಯಿಂದಲೇ. ಕಾಶ್ಮೀರದ ದೇವಿಯ ಹೆಸರು ತುಂಗಾತೀರದಿಂದ ಮರಳಿ ಕಾಶ್ಮೀರವನ್ನು ಸೇರಿತು.

ಹೆಸರು ಮತ್ತು ಅಕ್ಷರ

ವಿದ್ಯಾಧಿದೇವತೆಯ ಹೆಸರನ್ನು ಹೊತ್ತ ಹೆಣ್ಣುಮಕ್ಕಳಿಗೆ ವಿದ್ಯೆ ದೊರೆಯಿತೇ ಎಂದು ಕೇಳಿದರೆ ಚರಿತ್ರೆಯ ಉತ್ತರ ಹಿತವಾಗಿಲ್ಲ. 1901ರ ಜನಗಣತಿಯ ವೇಳೆಗೆ ಭಾರತದಲ್ಲಿ ಓದುಬರಹ ಬಲ್ಲ ಹೆಂಗಸರು ನೂರಕ್ಕೆ ಒಬ್ಬರೂ ಇರಲಿಲ್ಲ. ನವರಾತ್ರಿಯಲ್ಲಿ ಪುಸ್ತಕಕ್ಕೆ ಹೂವೇರಿಸಿದ ಶಾರದೆಯರೆಷ್ಟೋ ಮಂದಿಗೆ ಆ ಪುಸ್ತಕವನ್ನು ತೆರೆಯುವ ಭಾಗ್ಯವಿರಲಿಲ್ಲ.

ಈ ಹೆಸರಿನ ಅತ್ಯಂತ ಪೂಜ್ಯರಾದ ಶ್ರೀಮಾತೆ ಶಾರದಾದೇವಿಯವರ (1853–1920) ಬಾಳೇ ಇದಕ್ಕೆ ಸಾಕ್ಷಿ. ಕಾಮಾರಪುಕುರದಲ್ಲಿ ಅವರು ಬಂಗಾಳಿ ಅಕ್ಷರಮಾಲೆಯ ಪುಸ್ತಕ ಹಿಡಿದು ಕುಳಿತಾಗ, ಶ್ರೀ ರಾಮಕೃಷ್ಣರ ಬಂಧು ಹೃದಯನು ಅದನ್ನು ಕಿತ್ತುಕೊಂಡನು. ಹೆಂಗಸರು ಓದು ಕಲಿತರೆ ಮುಂದೆ ಕಾದಂಬರಿ, ನಾಟಕ ಓದಿಯಾರು ಎಂಬುದು ಅವನ ಭಯ. ತಾಯಿಯವರು ಗುಟ್ಟಾಗಿ ಒಂದಾಣೆಗೆ ಇನ್ನೊಂದು ಪುಸ್ತಕ ತರಿಸಿಕೊಂಡರು. ಪಾಠಶಾಲೆಗೆ ಹೋಗಿ ಬರುತ್ತಿದ್ದ ಲಕ್ಷ್ಮಿ ಎಂಬ ಹುಡುಗಿ ಮನೆಯಲ್ಲಿ ಅವರಿಗೆ ಪಾಠ ಹೇಳಿಕೊಟ್ಟಳು. ಮುಂದೆ 1898ರಲ್ಲಿ ಸೋದರಿ ನಿವೇದಿತಾ ಕಲ್ಕತ್ತೆಯಲ್ಲಿ ಬಾಲಿಕಾ ಪಾಠಶಾಲೆ ತೆರೆದಾಗ ಆರಂಭದ ಪೂಜೆ ನೆರವೇರಿಸಿ ಹರಸಿದವರು ಆ ಶಾರದಾದೇವಿಯವರೇ.

ತುಂಗೆಯು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಇದೇ ಕಾಲದ ಇನ್ನೊಂದು ಕಥೆ ಮೊದಲಾಯಿತು. ಅನಂತಶಾಸ್ತ್ರಿ ಡೋಂಗ್ರೆ ಎಂಬ ವಿದ್ವಾಂಸರು ಜನರ ವಿರೋಧವನ್ನು ಲೆಕ್ಕಿಸದೆ ತಮ್ಮ ಪತ್ನಿಗೆ ಸಂಸ್ಕೃತ ಕಲಿಸಿದರು. ಆ ತಾಯಿಯಿಂದ ಪಾಠ ಕಲಿತ ಮಗಳೇ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. 1878ರಲ್ಲಿ ಕಲ್ಕತ್ತೆಯ ಪಂಡಿತರು ಆಕೆಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ಮುಂದೆ ಆಕೆ ಕ್ರೈಸ್ತ ಮತವನ್ನು ಸ್ವೀಕರಿಸಿದರು. ಆದರೂ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದ ವಿದ್ಯಾಲಯಕ್ಕೆ ಇರಿಸಿದ ಹೆಸರು ‘ಶಾರದಾ ಸದನ’. ಹತ್ತು ವರ್ಷಗಳ ತರುವಾಯ, 1899ರಲ್ಲಿ, ಗೋವಿಂದ ಬಲ್ಲಾಳ ದೇವಲರ ಮರಾಠಿ ನಾಟಕ ‘ಸಂಗೀತ ಶಾರದಾ’ ಬಂದಿತು. ಹಣದಾಸೆಯ ತಂದೆ ಮುದುಕನಿಗೆ ಮದುವೆ ಮಾಡಿಕೊಡಲು ಹೊರಟ ಎಳೆಯ ಹುಡುಗಿ ಅದರ ನಾಯಿಕೆ. ಬಾಲ್ಯವಿವಾಹವನ್ನು ತಡೆಯಲು 1929ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಆದ ಕಾನೂನು ಹರಬಿಲಾಸ್ ಸಾರ್ದಾ ಅವರ ಮನೆತನದ ಹೆಸರಿನಿಂದ ಸಾರ್ದಾ ಕಾಯಿದೆಯಾದರೂ, ಕನ್ನಡಿಗರ ಬಾಯಲ್ಲಿ ಅದು ‘ಶಾರದಾ ಕಾಯಿದೆ’ಯೇ ಆಯಿತು. ಹೆಣ್ಣಿನ ಮದುವೆಯ ಕನಿಷ್ಠ ವಯಸ್ಸನ್ನು ಅದು 14 ಎಂದು ಗೊತ್ತುಪಡಿಸಿತು. ಉಚ್ಚಾರಣೆಯ ಆಕಸ್ಮಿಕವೇ ಇರಬಹುದು. ಅರ್ಥ ಮಾತ್ರ ಹೊಂದಿಕೊಂಡಿತು.

2011ರ ಜನಗಣತಿಯ ಹೊತ್ತಿಗೆ ಸಾಕ್ಷರ ಸ್ತ್ರೀಯರು ನೂರಕ್ಕೆ ಸುಮಾರು 65 ಆಗಿದ್ದರು. ಹೆಸರು ಅಪರೂಪವಾಗುತ್ತ ಬಂದ ಕಾಲದಲ್ಲಿಯೇ ಹೆಸರಿನ ಅರ್ಥವು ಮನೆಮನೆಗೂ ಬಂದಿತೆಂದು ಸಂತೋಷಪಡಬಹುದು. ಉಳಿದ ಮೂವತ್ತೈದನ್ನು ಮರೆಯುವಂತಿಲ್ಲ.

ಭಾಗ್ಯನಗರದ ಮನೆಗಳಲ್ಲಿ

ತೆಲುಗು ನಾಡಿನಲ್ಲಿಯೂ ಈ ಹೆಸರಿಗೆ ಮನ್ನಣೆಯುಂಟು. ತೆನಾಲಿಯಲ್ಲಿ ಸರಸ್ವತೀದೇವಿಯಾಗಿ ಹುಟ್ಟಿದ ಪ್ರಖ್ಯಾತ ಚಿತ್ರನಟಿ ಹೆಸರಾದುದು ಶಾರದಾ ಎಂದೇ. ನಲ್ಲಕುಂಟೆಯ ಶಂಕರಮಠದಲ್ಲಿ ಶೃಂಗೇರಿಯ ಪರಂಪರೆಯಂತೆ ಶಾರದೆಗೆ ಪೂಜೆ ನಡೆಯುತ್ತದೆ. ಗೋದಾವರಿಯ ದಡದ ಬಾಸರದ ಜ್ಞಾನಸರಸ್ವತಿಯ ಸನ್ನಿಧಿಯಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಜನ ದೂರದೂರದಿಂದ ಬರುತ್ತಾರೆ.

ಹೈದರಾಬಾದಿನ ಕನ್ನಡ ಮನೆಯ ಮಗಳು ಶಾಲೆಯಲ್ಲಿ ಇಂಗ್ಲಿಷ್, ತೆಲುಗು, ಹಿಂದಿಗಳನ್ನು ಕಲಿಯುವಳು. ಕನ್ನಡವನ್ನು ಮನೆಯಲ್ಲಿ ಆಡುವಳು. ಆದರೆ ಅಜ್ಜಿ ಬರೆದಿಟ್ಟ ದೇವರನಾಮದ ಪುಸ್ತಕವನ್ನು ಓದಲಾರಳು. ಒಂದಾಣೆಯ ಪುಸ್ತಕವನ್ನು ಕಿತ್ತುಕೊಳ್ಳುವ ಹೃದಯ ಇಂದು ಯಾವ ಮನೆಯಲ್ಲಿಯೂ ಇಲ್ಲ. ಪುಸ್ತಕವನ್ನು ಕೈಗೆ ಕೊಡುವವರು ಇಲ್ಲದಿದ್ದರೂ ಫಲ ಅದೇ. ತೆಲುಗು ಲಿಪಿಯನ್ನು ಬಲ್ಲ ಮಗುವಿಗೆ ಕನ್ನಡ ಲಿಪಿ ಕಷ್ಟವಲ್ಲ; ಎರಡೂ ಒಂದೇ ಬರಹದ ಕವಲುಗಳು. ದಿನಕ್ಕೆ ಅರ್ಧ ಗಂಟೆ ಕೂಡಿಸಿಕೊಂಡು ಕಲಿಸುವ ಹಿರಿಯರು ಮನೆಯಲ್ಲಿದ್ದರೆ ಸಾಕು.

ನಾಮಕರಣದ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಮಗುವಿನ ಹೆಸರನ್ನು ಬರೆಯುವವರು ಹಿರಿಯರು. ಅದೇ ಹೆಸರನ್ನು ಆ ಮಗು ತಾನೇ ಬರೆದಾಗ ಹಿರಿಯರ ಋಣ ತೀರುತ್ತದೆ. ಮಗಳ ಹೆಸರು ಶಾರದೆಯಾಗಿರಲಿ, ಬೇರೆ ಯಾವುದೇ ಆಗಿರಲಿ, ಈ ವಿಜಯದಶಮಿಯಂದು ಅವಳ ಬೆರಳು ಹಿಡಿದು ಕನ್ನಡದ ಮೊದಲ ಅಕ್ಷರವನ್ನು ಬರೆಸುವುದೇ ಶಾರದೆಗೆ ಸಲ್ಲುವ ನಿಜವಾದ ಪೂಜೆ.