ಪಟ್ಟಿಯಲ್ಲಿ ಮೂರು ಗೆರೆ, ಸಂಘದಲ್ಲಿ ಇಪ್ಪತ್ತು ಮಂದಿ



ಬಡ್ಡಿಯವರ ಹತ್ತಿರ ಯಾರ್ಯಾರ ಕೈಸಾಲ ಎಷ್ಟಿದೆ ಎಂದು ಸಂಘದಲ್ಲಿ ಸಮೀಕ್ಷೆ ಮಾಡುವಾಗ ನಾವು ಏನು ಮಾಡ್ತೇವೆ? ಒಬ್ಬೊಬ್ಬರನ್ನೇ ಕೇಳಿ ಗೀಟು ಹಾಕ್ತೇವೆ. ನಾಲ್ಕು ಗೀಟು ನಿಲ್ಲಿಸಿ, ಐದನೆಯದನ್ನು ಅಡ್ಡ ಎಳೀತೇವೆ. ಕೊನೆಗೆ ಎಣಿಸಿ ಚಿಕ್ಕ ಪಟ್ಟಿ ಬರೀತೇವೆ. ಒಂದೇ ಉತ್ತರ ಎಷ್ಟು ಸಲ ಬಂತು ಎಂಬ ಈ ಎಣಿಕೆಗೆ ‘ಆವೃತ್ತಿ’ ಎಂದು ಹೆಸರು. ಕಂಪ್ಯೂಟರಿನಲ್ಲಿ ಇದನ್ನೇ ‘ಫ್ರೀಕ್ವೆನ್ಸಿ’ ಅಂತಾರೆ.

ಉದಾಹರಣೆಗೆ, 20 ಸದಸ್ಯೆಯರ ಒಂದು ಸಂಘದ ಪಟ್ಟಿ ಹೀಗಿದೆ ಎಂದು ಇಟ್ಟುಕೊಳ್ಳಿ:

ಕೈಸಾಲ 5,000 ರೂ. – 12 ಮಂದಿ
ಕೈಸಾಲ 10,000 ರೂ. – 5 ಮಂದಿ
ಕೈಸಾಲ 50,000 ರೂ. – 3 ಮಂದಿ

ತಪ್ಪು ಎಲ್ಲಿ ಆಗುತ್ತದೆ?

ಈ ಪಟ್ಟಿಯನ್ನು ಹಾಗೇ ಕಂಪ್ಯೂಟರಿಗೆ ಹಾಕಿದರೆ ಅದಕ್ಕೆ ಕಾಣುವುದು ಮೂರು ಗೆರೆ ಮಾತ್ರ. ಒಂದು ಗೆರೆ ಎಂದರೆ ಒಬ್ಬ ವ್ಯಕ್ತಿ ಎಂದು ಅದು ತಿಳಿಯುತ್ತದೆ. ಒಟ್ಟು ಸಾಲ 65,000 ರೂ., ಸರಾಸರಿ ಸುಮಾರು 21,667 ರೂ. ಎಂದು ಹೇಳುತ್ತದೆ. ಎರಡೂ ತಪ್ಪು!

ಪ್ರತಿ ಮೊತ್ತವನ್ನು ಅದರ ಮಂದಿಯಿಂದ ಗುಣಿಸಿ ನೋಡಿ: 60,000 + 50,000 + 1,50,000. ಒಟ್ಟು 2,60,000 ರೂ. ಇದನ್ನು 20ರಿಂದ ಭಾಗಿಸಿದರೆ ಸರಾಸರಿ 13,000 ರೂ. ಕೈಸಾಲ ತೀರಿಸಲೆಂದು 65,000 ರೂಪಾಯಿಗೆ ಬ್ಯಾಂಕಿಗೆ ಅರ್ಜಿ ಕೊಟ್ಟರೆ, 17 ಮಂದಿ ಅಕ್ಕತಂಗಿಯರು ಲೆಕ್ಕದಿಂದಲೇ ಹೊರಗೆ ಉಳಿಯುತ್ತಾರೆ. ಅವರ ಬಡ್ಡಿ ಮಾತ್ರ ನಿಲ್ಲೋದಿಲ್ಲ.

ಕಂಪ್ಯೂಟರಿಗೆ ಹೇಳುವುದು ಹೇಗೆ?

ಎಸ್‌ಪಿಎಸ್‌ಎಸ್ ಅಥವಾ ಉಚಿತವಾಗಿ ಸಿಗುವ ಪಿಎಸ್‌ಪಿಪಿ ತಂತ್ರಾಂಶದಲ್ಲಿ ಹೀಗೆ ಮಾಡಿ:

1. ಎರಡು ಕಾಲಂ ಮಾಡಿ. ಒಂದರಲ್ಲಿ ಕೈಸಾಲದ ಮೊತ್ತ, ಇನ್ನೊಂದರಲ್ಲಿ ಮಂದಿ.
2. ಮೇಲಿನ ‘ಡೇಟಾ’ ಮೆನು ತೆರೆದು ‘ವೆಯ್ಟ್ ಕೇಸಸ್’ ಒತ್ತಿ.
3. ‘ವೆಯ್ಟ್ ಕೇಸಸ್ ಬೈ’ ಆರಿಸಿ, ಮಂದಿಯ ಕಾಲಂ ಅನ್ನು ‘ಫ್ರೀಕ್ವೆನ್ಸಿ ವೇರಿಯಬಲ್’ ಜಾಗಕ್ಕೆ ಹಾಕಿ. ಮೊತ್ತದ ಕಾಲಂ ಅಲ್ಲ, ಮಂದಿಯ ಕಾಲಂ. ಇದು ನೆನಪಿರಲಿ.
4. ‘ಓಕೆ’ ಒತ್ತಿ.

ಈಗ ಮೊದಲನೇ ಗೆರೆ 12 ಮಂದಿಯ ಬದಲಿಗೆ ಮಾತಾಡುತ್ತದೆ. ಎಕ್ಸೆಲ್‌ನಲ್ಲಾದರೆ ‘ಸಮ್‌ಪ್ರಾಡಕ್ಟ್’ ಸೂತ್ರ ಒಟ್ಟು ಸಾಲವನ್ನು ಕೊಡುತ್ತದೆ. ಅದನ್ನು ಒಟ್ಟು ಮಂದಿಯಿಂದ ಭಾಗಿಸಿದರಾಯಿತು.

ಮೂರು ಎಚ್ಚರಿಕೆಗಳು

• ಉತ್ತರ ಬಂದ ಕೂಡಲೇ ಒಟ್ಟು ಸಂಖ್ಯೆ ನೋಡಿ. 20 ಇರಬೇಕು. 3 ಎಂದಿದ್ದರೆ ಎಣಿಕೆ ಸೇರಿಲ್ಲ ಎಂದರ್ಥ.
• ಒಬ್ಬೊಬ್ಬರಿಗೆ ಒಂದೊಂದು ಗೆರೆ ಇರುವ ಪಟ್ಟಿಗೆ ಇದು ಬೇಡ. ಅಲ್ಲಿ ಗೆರೆಗಳೇ ಮಂದಿ.
• ಸರಾಸರಿ ಒಂದನ್ನೇ ನಂಬಬೇಡಿ. ಮೇಲಿನ ಸಂಘದಲ್ಲಿ 13,000 ರೂ. ಸಾಲ ಇರುವವರು ಒಬ್ಬರೂ ಇಲ್ಲ! 20ರಲ್ಲಿ 12 ಮಂದಿಗೆ, ಅಂದರೆ ನೂರಕ್ಕೆ 60 ಮಂದಿಗೆ, 5,000 ರೂ. ಮಾತ್ರ. ಆದರೆ ಒಟ್ಟು ಸಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಮೂವರ ತಲೆ ಮೇಲಿದೆ. ಆ ಮೂವರಿಗೆ ಬೇಕಾದ ಸಹಾಯವೇ ಬೇರೆ.

ಸಂಘದಲ್ಲಿ ಚರ್ಚಿಸಿ

1. ನಮ್ಮ ಸಂಘದ ಕೈಸಾಲದ ಪಟ್ಟಿ ಮಾಡಿದರೆ ಎಷ್ಟು ಗೆರೆ ಆಗುತ್ತದೆ? ಎಷ್ಟು ಮಂದಿ?
2. ಹಿಂದಿನ ಸಲ ಸಾಲ ಕೇಳಿದಾಗ ಎಲ್ಲರ ಲೆಕ್ಕ ಸೇರಿತ್ತೇ?
3. ಅತಿ ಹೆಚ್ಚು ಸಾಲ ಇರುವ ಸದಸ್ಯೆಗೆ ಮೊದಲು ನಾವು ಏನು ಮಾಡಬಹುದು?