ನಿಂಬೆ ಎಲೆಯ ರಂಗೋಲಿ ಹುಳು

ನಿಂಬೆ ಗಿಡದ ಎಳೆ ಎಲೆಗಳ ಮೇಲೆ ಬೆಳ್ಳಿ ಬಣ್ಣದ ಸುತ್ತುಸುತ್ತು ಗೆರೆಗಳನ್ನು ನೀವೆಲ್ಲ ನೋಡಿರುತ್ತೀರಿ. ಕೈಯಿಂದ ಒರೆಸಿದರೆ ಅವು ಹೋಗುವುದಿಲ್ಲ. ಗೆರೆ ಇರುವುದು ಎಲೆಯ ಮೇಲಲ್ಲ, ಒಳಗೆ. ರೈತರು ಇದನ್ನು ರಂಗೋಲಿ ಹುಳು ಎನ್ನುತ್ತಾರೆ, ಪುಸ್ತಕಗಳಲ್ಲಿ ಎಲೆ ಸುರಂಗ ಕೀಟ. ವೈಜ್ಞಾನಿಕ ಹೆಸರು ಫಿಲ್ಲೋಕ್ನಿಸ್ಟಿಸ್ ಸಿಟ್ರೆಲ್ಲಾ. 1856ರಲ್ಲಿ ಸ್ಟೇನ್‌ಟನ್ ಎಂಬ ಇಂಗ್ಲಿಷ್ ಕೀಟತಜ್ಞರು ಕಲ್ಕತ್ತೆಯ ಮಾದರಿಗಳನ್ನು ನೋಡಿ ಇದನ್ನು ಮೊದಲು ವಿವರಿಸಿದರು. ಇದು ಅಮೆರಿಕದ ಫ್ಲೋರಿಡಾದಲ್ಲಿ ಕಾಣಿಸಿಕೊಂಡದ್ದು 1993ರಲ್ಲಿ.

ಹುಳು ಎಂದರೂ ಇದು ಒಂದು ಪತಂಗದ ಮರಿ. ಪತಂಗದ ಉದ್ದ ಸುಮಾರು 2 ಮಿಲಿಮೀಟರ್, ಅಂದರೆ ಜೀರಿಗೆ ಕಾಳಿನ ಅರ್ಧ. ರೆಕ್ಕೆ ಬಿಚ್ಚಿದರೂ 4 ಮಿಲಿಮೀಟರ್ ಅಷ್ಟೆ. ಬೆಳ್ಳಿಯಂತೆ ಬಿಳುಪಾದ ರೆಕ್ಕೆ, ಅದರ ಮೇಲೆ ಕಪ್ಪು ಕಂದು ಗೆರೆಗಳು, ಮುಂದಿನ ರೆಕ್ಕೆಯ ತುದಿಯಲ್ಲಿ ಒಂದೊಂದು ಕಪ್ಪು ಚುಕ್ಕೆ. ಇಷ್ಟು ಚಂದದ ಪತಂಗ ಸಂಜೆ, ರಾತ್ರಿ ಹೊತ್ತು ಹಾರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೆಣ್ಣು ಪತಂಗ ಚಿಗುರೆಲೆಯ ಮೇಲೆ, ಹೆಚ್ಚಾಗಿ ಅಡಿಭಾಗದಲ್ಲಿ ನಡುನರದ ಹತ್ತಿರ, ಒಂದೊಂದೇ ಮೊಟ್ಟೆ ಇಡುತ್ತದೆ. ಮೊಟ್ಟೆ ಸಣ್ಣ ಇಬ್ಬನಿ ಹನಿಯಂತೆ ಕಾಣುತ್ತದೆ. ಬಲಿತ ಎಲೆ ಇದಕ್ಕೆ ಬೇಡ. ಮರಿ ಹೊರಬಂದ ತಕ್ಷಣ ಎಲೆಯ ಸಿಪ್ಪೆಯೊಳಗೆ ಇಳಿದು, ಕೋಶಗಳನ್ನು ಸೀಳಿ ರಸ ಕುಡಿಯುತ್ತಾ ಮುಂದೆ ಸಾಗುತ್ತದೆ. ಬೆಳ್ಳಿ ಗೆರೆಯ ನಡುವೆ ಕಾಣುವ ಕಪ್ಪು ದಾರ ಅದರ ಹಿಕ್ಕೆ. ಒಂದು ಎಲೆ ಬಿಟ್ಟು ಇನ್ನೊಂದಕ್ಕೆ ಅದು ಹೋಗಲಾರದು. ಕಾಮರ್ಸ್ ಓದುವವಳಾಗಿ ನನಗೆ ಹಿಡಿಸಿದ ವಿಷಯ ಇದೇ: ತಾಯಿ ಆರಿಸಿಕೊಟ್ಟ ಆ ಒಂದು ಎಲೆಯೇ ಮರಿಯ ಪೂರ್ತಿ ಬಂಡವಾಳ. ಕೊನೆಯ ಹಂತದಲ್ಲಿ ತಿನ್ನುವುದನ್ನು ನಿಲ್ಲಿಸಿ, ಎಲೆಯ ಅಂಚಿಗೆ ಬಂದು ರೇಷ್ಮೆ ಎಳೆಯಿಂದ ಅಂಚನ್ನು ಮಡಚಿಕೊಂಡು ಕೋಶವಾಗುತ್ತದೆ. ಬಿಸಿಲು ಚೆನ್ನಾಗಿದ್ದರೆ ಮೊಟ್ಟೆಯಿಂದ ಪತಂಗವಾಗಲು ಎರಡು ವಾರ ಸಾಕು, ಚಳಿಯಲ್ಲಿ ಏಳು ವಾರದವರೆಗೂ ಎಳೆಯಬಹುದು.

ದೊಡ್ಡ ಮರಕ್ಕೆ ಇದರಿಂದ ಹೆಚ್ಚೇನೂ ಆಗುವುದಿಲ್ಲ. ಕಷ್ಟ ನರ್ಸರಿ ಸಸಿಗಳಿಗೆ, ಹೊಸದಾಗಿ ನೆಟ್ಟ ಗಿಡಗಳಿಗೆ. ಎಲೆ ಮುರುಟಿ ಬೆಳವಣಿಗೆ ನಿಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಸೀಳಿದ ಎಲೆಯ ಮೂಲಕ ಕಜ್ಜಿ ರೋಗದ ಬ್ಯಾಕ್ಟೀರಿಯಾ ಒಳಗೆ ಬರುತ್ತದೆ. ಈ ರೋಗ ಹಣ್ಣಿಗೂ ಹರಡಿ ಸಿಪ್ಪೆಯ ಮೇಲೆ ಒರಟು ಕಲೆ ಬಿದ್ದರೆ ಮಾರುಕಟ್ಟೆಯಲ್ಲಿ ದರ ಇಳಿಯುತ್ತದೆ. ವಿಜಯಪುರ ಜಿಲ್ಲೆಯ ಇಂಡಿ ಕಡೆ ನಿಂಬೆಯನ್ನೇ ನಂಬಿದ ಕುಟುಂಬಗಳಿಗೆ ಇದು ಸಣ್ಣ ಮಾತಲ್ಲ.

ಗೆರೆ ಕಂಡ ಕೂಡಲೇ ವಿಷ ಸಿಂಪಡಿಸುವವರಿದ್ದಾರೆ. ಮರಿ ಸಿಪ್ಪೆಯ ಕೆಳಗಿರುವುದರಿಂದ ಎಲೆಯ ಮೇಲೆ ಮಾತ್ರ ಕೂರುವ ಔಷಧಿ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಸಾಯುವುದು ಈ ಮರಿಗಳನ್ನೇ ತಿಂದು ಬೆಳೆಯುವ ಪುಟ್ಟ ಕಣಜಗಳು. ಬೇವಿನ ಎಣ್ಣೆಯನ್ನು ಚಿಗುರು ಬರುವಾಗಲೇ ಸಿಂಪಡಿಸಬೇಕು. ಯೂರಿಯಾ ಅತಿಯಾದರೆ ಎಳೆ ಚಿಗುರೂ ಅತಿಯಾಗುತ್ತದೆ, ಪತಂಗಕ್ಕೆ ಹಬ್ಬ. ಮನೆಯ ಕುಂಡದಲ್ಲಿ ಒಂದೇ ಗಿಡವಿದ್ದರೆ ಮಡಚಿದ ಅಂಚನ್ನು ಬೆರಳಿನಿಂದ ಒತ್ತಿದರೂ ಸಾಕು, ಕೋಶ ಅಲ್ಲೇ ಇರುತ್ತದೆ.